ಮೆಲ್ಲನೆಯ ಹೊಡೆತ

ಬಲವುಳ್ಳವನದೇ ಗೆಲುವು ಎಂಬ ಮಾತನ್ನು ನಾವು ಬಹುಬೇಗ ಒಪ್ಪಿಬಿಡುತ್ತೇವೆ. ಪ್ರಿಯ ಓದುಗರೇ, ಈ ಮಾತು ಸಲ್ಲದ ಒಂದು ಆಟವಿದೆ. ಅದರ ಹೆಸರು ಪಾಡೆಲ್. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕ್ವೇರಾ ಎಂಬವರು ತಮ್ಮ ಮನೆಯಂಗಳದಲ್ಲಿ ಇದಕ್ಕೆ ರೂಪ ಕೊಟ್ಟರು. 1974ರಲ್ಲಿ ಸ್ಪೇನಿನ ಮಾರ್ಬೆಯಾಕ್ಕೆ ಬಂದ ಈ ಆಟ ಇಂದು ಆ ದೇಶದಲ್ಲಿ ಮನೆಮಾತಾಗಿದೆ.

ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳ. ಹಿಂಬದಿಯಲ್ಲಿ ಗೋಡೆ, ಹೆಚ್ಚಾಗಿ ಗಾಜಿನದು. ಮಧ್ಯದಲ್ಲಿ 88 ಸೆಂಟಿಮೀಟರ್ ಎತ್ತರದ ನೆಟ್. ಬದಿಗೆ ಇಬ್ಬರಂತೆ ನಾಲ್ವರು ಆಡುತ್ತಾರೆ. ನೆಲಕ್ಕೆ ಒಮ್ಮೆ ಪುಟಿದ ಚೆಂಡು ಗೋಡೆಗೆ ತಾಗಿ ಮರಳಿದರೂ ಅದನ್ನು ಹೊಡೆಯಬಹುದು. ಆದುದರಿಂದ ರಭಸದ ಹೊಡೆತ ಅನೇಕ ಸಲ ಎದುರಾಳಿಗೇ ಅನುಕೂಲವಾಗುತ್ತದೆ. ನೆಟ್ಟಿನ ಬಳಿ ನಿಂತ ಜೋಡಿಯದೇ ಮೇಲುಗೈ. ಹಾಗಾದರೆ ಹಿಂದೆ ಉಳಿದವರು ಮುಂದೆ ಬರುವುದು ಹೇಗೆ?

ಚೆಂಡನ್ನು ಎದುರಾಳಿಗಳ ತಲೆಯ ಮೇಲಿಂದ ಎತ್ತಿ ಕಳುಹಿಸುವುದು ಒಂದು ದಾರಿ. ಇನ್ನೊಂದು ದಾರಿಗೆ ಸ್ಪೇನಿನವರು 'ಚಿಕೀತಾ' ಎನ್ನುತ್ತಾರೆ. ಹಾಗೆಂದರೆ ಪುಟ್ಟದು. ನಮ್ಮ 'ಚಿಕ್ಕದು' ಎಂಬ ಶಬ್ದಕ್ಕೆ ಅದೆಷ್ಟು ಹತ್ತಿರ! ಚೆಂಡು ದೇಹದ ಮುಂದೆ ಅನುಕೂಲವಾಗಿ ದೊರೆತಾಗ, ಕೈಯನ್ನು ಹೆಚ್ಚು ಬೀಸದೆ, ನೆಟ್ಟಿನ ಮೇಲಂಚಿಗೆ ಸಮೀಪವಾಗಿ ಅದನ್ನು ಎದುರಾಳಿಯ ಪಾದಗಳತ್ತ ಮೆಲ್ಲನೆ ಕಳುಹಿಸಬೇಕು. ಆತ ಬಾಗಿ ಅದನ್ನು ಮೇಲಕ್ಕೆತ್ತಲೇಬೇಕು. ಕೆಳಗಿನಿಂದ ಎತ್ತುವವನಿಗೆ ರಭಸವಾಗಿ ಹೊಡೆಯುವುದು ಕಷ್ಟ. ಅಷ್ಟರಲ್ಲಿ ಇವರಿಬ್ಬರೂ ಜೊತೆಯಾಗಿ ಕೆಲವು ಹೆಜ್ಜೆ ಮುಂದೆ ಸರಿದು ಸಜ್ಜಾಗಿ ನಿಲ್ಲಬೇಕು. ಒಬ್ಬನು ಮುಂದೆ ಬಂದು ಇನ್ನೊಬ್ಬನು ಹಿಂದೆಯೇ ಉಳಿದರೆ ನಡುವೆ ದೊಡ್ಡ ತೆರಪು ಉಳಿಯುತ್ತದೆ. ಚೆಂಡು ತುಸು ಎತ್ತರಕ್ಕೆ ಹೋದರೆ ಎದುರಾಳಿ ಅದನ್ನು ಬಡಿದೇ ಬಿಡುತ್ತಾನೆ. ಮೆಲ್ಲನೆಯ ಕೆಲಸ ಸುಲಭದ ಕೆಲಸವಲ್ಲ.

ನಾನು ಸ್ಪೇನಿನಲ್ಲಿ ಕೆಲಕಾಲ ಇದ್ದಾಗ ಸಂಜೆಯ ಆಟದಲ್ಲಿ ನನಗೆ ಜೊತೆಯಾಗುತ್ತಿದ್ದವರು ಅರವತ್ತು ದಾಟಿದ ಹಿರಿಯರು. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿದ್ದರು. ಭುಜದ ಶಸ್ತ್ರಚಿಕಿತ್ಸೆಯ ಬಳಿಕ ಅವರ ಬಲಗೈ ತಲೆಗಿಂತ ಮೇಲೆ ಏಳುತ್ತಿರಲಿಲ್ಲ. ಇನ್ನು ಆಟ ಸಾಕು ಎಂದು ಕೆಲವರು ಹಿತವಚನ ಹೇಳಿದರು. "ಆಟ ಬಿಟ್ಟರೆ ಸಂಜೆಗೆ ನನ್ನೊಡನೆ ಮಾತನಾಡುವವರು ಯಾರು?" ಎಂದು ಅವರು ಕೇಳಿದರು. ಯಾರಲ್ಲೂ ಉತ್ತರವಿರಲಿಲ್ಲ. ತಿಂಗಳುಗಟ್ಟಲೆ ಅವರು ಆ ಪುಟ್ಟ ಹೊಡೆತವನ್ನೇ ಅಭ್ಯಾಸ ಮಾಡಿದರು. ತಲೆಯ ಮೇಲಿಂದ ಬರುವ ಚೆಂಡು ನನ್ನ ಪಾಲು, ಪಾದದತ್ತ ಹೋಗುವ ಚೆಂಡು ಅವರದು ಎಂದು ನಮ್ಮೊಳಗೆ ಒಪ್ಪಂದವಾಯಿತು. ಅವರು ಚೆಂಡನ್ನು ಮೆಲ್ಲನೆ ಕಳುಹಿಸಿ "ನಡೆ" ಎನ್ನುವರು. ನಾವಿಬ್ಬರೂ ಮುಂದೆ ಸಾಗುತ್ತಿದ್ದೆವು. ಬಹಳಷ್ಟು ಆಟಗಳಲ್ಲಿ ಸೋತೆವು. ಆದರೆ ಸಂಜೆಯಾದೊಡನೆ ಅವರು ಅಂಗಳದಲ್ಲಿರುತ್ತಿದ್ದರು.

ಓದುಗರೇ, ಆ ಹೊಡೆತ ತಾನಾಗಿ ಅಂಕ ಗಳಿಸುವುದು ವಿರಳ. ಮುಂದಿನ ಹೊಡೆತಕ್ಕೆ ನಿಲ್ಲಲು ಅದು ಜಾಗ ಮಾಡಿಕೊಡುತ್ತದೆ, ಅಷ್ಟೇ. ನಮ್ಮ ಮನೆಗಳಲ್ಲಿಯೂ ದೇಹದ ಬಲ ಕುಂದಿದವರಿದ್ದಾರೆ. ಅವರನ್ನು ಜಗಲಿಯ ಮೂಲೆಗೆ ಸರಿಸುವ ಮುನ್ನ, ಅವರ ಕೈಯಿಂದ ಇನ್ನೂ ಆಗಬಹುದಾದ ಪುಟ್ಟ ಕೆಲಸ ಯಾವುದೆಂದು ಕೇಳೋಣ. ಅವರು ಅದನ್ನು ಮಾಡಿದಾಗ ಜೊತೆಗೆ ನಾವೂ ಎರಡು ಹೆಜ್ಜೆ ಮುಂದಿಡೋಣ.