ಕಾರ್ನರ್‌ನಲ್ಲಿ ನಿಂತವರು

ಕಾಫಿ ಕೊಯ್ಲು ಮುಗಿದು ಕಣದ ತುಂಬ ಹಣ್ಣು ಒಣಗುವ ಹೊತ್ತಿಗೆ ನಮ್ಮ ಸಂಸೆ, ಕಳಸದ ಕಡೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಫ್ಲೆಕ್ಸ್‌ಗಳು ಏಳುತ್ತವೆ. ಜನರೆಲ್ಲ ರೈಡ್ ಮಾಡುವವರನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಕಾರ್ನರ್‌ನಲ್ಲಿ ಬಾಗಿ ನಿಂತವರ ಮೇಲೆ. ಶಾಲಾ ತಂಡದಲ್ಲಿ ನಾನು ನಿಲ್ಲುತ್ತಿದ್ದದ್ದೂ ಅಲ್ಲೇ. ರೈಡರ್ ಕೈಯಲ್ಲಿ ಮೂವತ್ತು ಸೆಕೆಂಡು ಇರುತ್ತದೆ, ಆಟ ಅವಳದು. ಕಾರ್ನರ್‌ನವಳು ಕಾಯಬೇಕು. ದುಡುಕಿದರೆ ಪಾಯಿಂಟ್ ಹೋಯಿತು, ಒಂದು ಕ್ಷಣ ತಡಮಾಡಿದರೆ ಅವಳು ನಡುಗೆರೆ ಮುಟ್ಟಿಯಾಯಿತು. ಕಾಲಿಗೆ ಬಿದ್ದು ಹಿಡಿದರೂ ಪಕ್ಕದವಳು ಅದೇ ಗಳಿಗೆಗೆ ಮೈಮೇಲೆ ಬರದಿದ್ದರೆ ಎಳೆದುಕೊಂಡೇ ಹೋಗುತ್ತಾಳೆ. ಹಿಡಿತ ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೇ ಕಬಡ್ಡಿಯಲ್ಲಿ ನಾಯಕಿ ಯಾರೆಂಬುದು ರೈಡಿಗಿಂತ ಹಿಡಿತದಲ್ಲೇ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೇನೆ.

ಸಂಸೆಯಿಂದ ಕುದುರೆಮುಖ, ಎಸ್.ಕೆ. ಬಾರ್ಡರ್ ದಾಟಿ ಮಾಳ ಘಾಟಿ ಇಳಿದರೆ ಬಜಗೋಳಿ, ಕಾರ್ಕಳ. ಅದೇ ತಾಲ್ಲೂಕಿನ ಅಜೆಕಾರಿನ ಹತ್ತಿರದ ಹೆರ್ಮುಂಡೆ ಮಮತಾ ಪೂಜಾರಿ ಅವರ ಊರು. ಕೃಷಿಕರ ಮನೆಯ ಹುಡುಗಿ. ಮಂಗಳೂರಿನ ಗೋಕರ್ಣನಾಥೇಶ್ವರ ಕಾಲೇಜಿನಲ್ಲಿ ಓದಿ, ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆಯ ಕೆಲಸಕ್ಕೆ ಸೇರಿದವರು. ಹೆಸರು ಮಾಡಿದ್ದು ರೈಡಿನಲ್ಲಿ. ಆದರೆ 2012ರ ಮಾರ್ಚಿನಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಅವರು ಭಾರತದ ನಾಯಕಿ. ಫೈನಲ್‌ನಲ್ಲಿ ಇರಾನ್ ವಿರುದ್ಧ 25–19. ಆರು ಪಾಯಿಂಟ್ ಕಬಡ್ಡಿಯಲ್ಲಿ ದೊಡ್ಡ ಅಂತರವೇನಲ್ಲ. ಒಂದು ಆಲೌಟ್ ಬಿದ್ದರೆ ಪಂದ್ಯವೇ ಮಗುಚುತ್ತದೆ. ಅಂಥ ಹೊತ್ತಿನಲ್ಲಿ ಏಳು ಜನರನ್ನು ದುಡುಕದಂತೆ ನಿಲ್ಲಿಸುವವಳೇ ನಾಯಕಿ.

ಬೆಂಗಳೂರಿನ ತೇಜಸ್ವಿನಿ ಬಾಯಿ ಅವರನ್ನೂ ಇಲ್ಲೇ ನೆನೆಯಬೇಕು. 2010ರ ಗುವಾಂಗ್‌ಝೌ, 2014ರ ಇಂಚಿಯಾನ್, ಎರಡೂ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. 2016ರಲ್ಲಿ ಗಂಡಸರ ಪ್ರೊ ಕಬಡ್ಡಿಯ ಜೊತೆಗೆ ಹೆಂಗಸರಿಗೂ ಮೂರು ತಂಡಗಳ ಪುಟ್ಟ ಟೂರ್ನಿ ಮಾಡಿದರು. ಹೈದರಾಬಾದಿನ ಫೈನಲ್‌ನಲ್ಲಿ ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ನಾಯಕಿ, ಫೈರ್ ಬರ್ಡ್ಸ್‌ಗೆ ಮಮತಾ. ಎರಡೂ ಕಡೆ ಕನ್ನಡತಿಯರು! ಸ್ಟಾರ್ಮ್ ಕ್ವೀನ್ಸ್ ಗೆದ್ದದ್ದು 24–23ರಲ್ಲಿ, ಒಂದೇ ಪಾಯಿಂಟಿನಲ್ಲಿ. ಅಂಥ ಆಟ ಕೊಟ್ಟ ಟೂರ್ನಿ ಎರಡನೇ ವರ್ಷ ಕಾಣಲಿಲ್ಲ. ಗಂಡಸರದು ಈಗಲೂ ಮನೆಮನೆಯ ಟಿವಿಯಲ್ಲಿದೆ. ನನಗೆ ಇದು ಇವತ್ತಿಗೂ ಹೊಟ್ಟೆಯುರಿಯುವ ಸಂಗತಿ.

ಎಲ್ಲ ಕಡೆಯೂ ಹೀಗಿಲ್ಲ. ಆಸ್ಟ್ರೇಲಿಯಾದಲ್ಲಿ ನೆಟ್‌ಬಾಲ್ ಹೆಣ್ಣುಮಕ್ಕಳ ದೊಡ್ಡ ಆಟ. ಅಲ್ಲಿನ ಲಾರಾ ಗೈಟ್ಸ್ ಗೋಲು ಕಾಯುವ ಡಿಫೆಂಡರ್. ಚೆಂಡು ಹಿಡಿದವಳಿಂದ ಮೂರಡಿ ದೂರ ನಿಂತೇ ತಡೆಯಬೇಕಾದ ಜಾಗ ಅದು. ಗೋಲು ಹಾಕುವ ಅವಕಾಶವೇ ಇಲ್ಲದ ಆ ಜಾಗದಿಂದ ತಂಡ ನಡೆಸಿ 2015ರ ವಿಶ್ವಕಪ್ ಗೆದ್ದರು. ವರ್ಷವರ್ಷವೂ ಲೀಗ್ ನಡೆಯುವ ಕಡೆ, ತಡೆಯುವವರ ಹೆಸರೂ ಜನರಿಗೆ ಗೊತ್ತಿರುತ್ತದೆ.

ನಮ್ಮಲ್ಲಿ ಲೀಗ್ ಇಲ್ಲದ ಜಾಗವನ್ನು ತುಂಬಿದ್ದು ರೈಲ್ವೆ. ಸಂಬಳ, ಅಭ್ಯಾಸಕ್ಕೆ ಬಿಡುವು, ದಿನವೂ ಆಡಲು ತಮ್ಮಷ್ಟೇ ಗಟ್ಟಿಯಾದ ಜೊತೆಗಾರ್ತಿಯರು. ಹೆಂಗಸರ ಕಬಡ್ಡಿಗೆ ಬೇಕಾದ ಅಂಗಳ ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲ. ನಮ್ಮ ಎಸ್ಟೇಟಿನ ಕಾಫಿ ಕಣದಲ್ಲೂ ಅಷ್ಟು ಜಾಗ ಸಿಗುತ್ತದೆ. ಸಿಗದಿರುವುದು ಪಿಯುಸಿ ಆದಮೇಲಿನ ದಾರಿ. ಮಳೆಗಾಲವಿಡೀ ಅಂಗಳ ಕೆಸರಾಗಿ, ಒಳಾಂಗಣವೂ ಮ್ಯಾಟೂ ಇಲ್ಲದೆ, ಚೆನ್ನಾಗಿ ಹಿಡಿಯುವ ಹುಡುಗಿಯರು ಆಟ ಬಿಟ್ಟುಬಿಡುತ್ತಾರೆ. ಕಳಸಕ್ಕೆ ಒಂದು ಒಳಾಂಗಣ ಬೇಕು, ಮ್ಯಾಟ್ ಹಾಸಿದ್ದು. ಹೊನಲು ಬೆಳಕಿನ ಪಂದ್ಯಾವಳಿಗೆ ಚಂದಾ ಕೇಳಲು ಬಂದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ಹೆಂಗಸರ ವಿಭಾಗ ಇಟ್ಟವರಿಗೆ ಮಾತ್ರ ದುಡ್ಡು ಕೊಡುತ್ತೇನೆ.