ಅಪ್ಪಾಜಿ ಯಾವ ಕಾಲಂನಲ್ಲಿ?

2023ರ ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದದ್ದು ಮೇ 13ರಂದು. ಅವತ್ತು ಶನಿವಾರ, ಅಂದ್ರೆ ನಮ್ಮೂರಲ್ಲಿ ಸಂತೆ. ಊರಿನ ಹೆಸರೇ ಶನಿವಾರಸಂತೆ ಅಂತಾದ ಮೇಲೆ ಸರ್ಕಾರ ಬಿದ್ದರೂ ಎದ್ದರೂ ಸಂತೆ ನಡೀಲೇಬೇಕು. ಹಸಿಮೆಣಸಿನಕಾಯಿ ಮೂಟೆ ಇಳಿಸ್ತಿದ್ದವರ ಕೈಯಲ್ಲೆಲ್ಲ ಮೊಬೈಲು. "ಎಷ್ಟನೇ ರೌಂಡು?" ಅಂತ ಒಬ್ಬ ಕೇಳಿದ್ರೆ "ಕೆಜಿ ಎಷ್ಟು?" ಅಂತ ಇನ್ನೊಬ್ಬ. ಎರಡಕ್ಕೂ ಉತ್ತರ ಹತ್ತು ನಿಮಿಷಕ್ಕೊಂದು ಸಲ ಬದಲಾಗ್ತಿತ್ತು.

ನಾನು ಮಾತ್ರ ಮನೆಯಲ್ಲಿ ಅಪ್ಪಾಜಿ ಎದುರು ತಲೆ ತಗ್ಗಿಸಿ ಕೂತಿದ್ದೆ. ಸೋತದ್ದು ನನ್ನ ಪಕ್ಷ ಅಂತಲ್ಲ. ಸೋತದ್ದು ನನ್ನ ಎಕ್ಸೆಲ್ ಶೀಟು.

ಬೆಂಗಳೂರಲ್ಲಿ ನನ್ನ ಕೆಲಸ ಏನಪ್ಪಾ ಅಂದ್ರೆ, ಜನ ಮುಂದಿನ ತಿಂಗಳು ಏನು ಕೊಳ್ತಾರೆ ಅಂತ ಹಿಂದಿನ ತಿಂಗಳ ಲೆಕ್ಕ ನೋಡಿ ಹೇಳೋದು. ಚುನಾವಣೆ ಹತ್ತಿರ ಬಂದಾಗ ಆಫೀಸಲ್ಲಿ ಒಂದು ಆಟ ಶುರುವಾಯ್ತು. ಎಲ್ಲರೂ ಅವರವರ ಊರಿನ ಕ್ಷೇತ್ರ ಯಾರಿಗೆ ಅಂತ ಬರೀಬೇಕು, ಎಷ್ಟು ಖಾತ್ರಿ ಅನ್ನೋದನ್ನೂ ಶೇಕಡಾದಲ್ಲಿ ಹೇಳಬೇಕು. ಸೋತವರು ಇಡೀ ಟೀಮಿಗೆ ಬಿರಿಯಾನಿ ಕೊಡಿಸಬೇಕು. ನಮ್ಮದು ಮಡಿಕೇರಿ ಕ್ಷೇತ್ರ. ಬಿಜೆಪಿ, 85 ಪರ್ಸೆಂಟ್ ಅಂತ ಬರೆದೆ. ಕೊಡಗು ಅಂದ ತಕ್ಷಣ "ಓ, ಕೂರ್ಗ್! ಸೇಫ್ ಸೀಟ್" ಅಂದ್ರು ಎಲ್ಲರೂ. (ಕೂರ್ಗ್ ಅಂದ್ರೆ ಇವರಿಗೆ ಹೋಮ್‌ಸ್ಟೇ, ಪಂದಿಕರಿ ಅಷ್ಟೇ. ಅರಕಲಗೂಡು ನಮಗೆ ಮಡಿಕೇರಿಗಿಂತ ಹತ್ತಿರ, ಮಾತು ಹಾಸನದ ಕಡೆಯದು ಅಂತ ಹೇಳಿ ಹೇಳಿ ಸಾಕಾಗಿದೆ.)

ನನ್ನ ಲೆಕ್ಕ ಸುಮ್ಮನೆ ಊಹೆ ಏನಲ್ಲ. ಅಪ್ಪಚ್ಚು ರಂಜನ್ 2008, 2013, 2018, ಮೂರೂ ಸಲ ಗೆದ್ದವರು. 2018ರಲ್ಲಿ ಅವರಿಗೆ ಬಂದದ್ದು 70 ಸಾವಿರ ಚಿಲ್ಲರೆ ಮತ. ಎರಡನೇ ಸ್ಥಾನ ಜೆಡಿಎಸ್‌ಗೆ, 54 ಸಾವಿರ. ಕಾಂಗ್ರೆಸ್ 38 ಸಾವಿರದ ಆಸುಪಾಸು, ಮೂರನೇ ಸ್ಥಾನ. ಬಿಜೆಪಿಯ ಮತ ಕರಗ್ತಿಲ್ಲ ಅಂತ ಸಮೀಕ್ಷೆಗಳು ಹೇಳ್ತಿದ್ವು. ಅದು ಕರಗದಿದ್ರೆ ಮೂರನೇ ಸ್ಥಾನದಲ್ಲಿದ್ದವರು ಮೂವತ್ತು ಸಾವಿರ ಮತ ಎಲ್ಲಿಂದ ತರ್ತಾರೆ? ಗಣಿತ ಗಟ್ಟಿಯಾಗಿತ್ತು. ಆದ್ರೂ ಸಮಾಧಾನಕ್ಕೆ ಅಂತ ಮತದಾನದ ಹಿಂದಿನ ದಿನ ಊರಿಗೆ ಬಂದು, ನಮ್ಮ ಬೀದಿಯ ನಲವತ್ತು ಮನೆಗಳದ್ದೊಂದು ಶೀಟ್ ಮಾಡಿದೆ. ಮನೆ, ಎಷ್ಟು ಓಟು, ಯಾವ ಜನ, ಹೋದ ಸಲ ಯಾರಿಗೆ, ಈ ಸಲ ಯಾರಿಗೆ. ಒಬ್ಬರನ್ನೂ ಕೇಳಲಿಲ್ಲ. ಹುಟ್ಟಿ ಬೆಳೆದ ಬೀದಿ, ಕೇಳೋದೇನಿದೆ?

ರಾತ್ರಿ ಊಟಕ್ಕೆ ಎದ್ದಾಗ ಲ್ಯಾಪ್‌ಟಾಪ್ ತೆರೆದೇ ಇತ್ತು. ಕೈ ತೊಳೆದು ಬರೋ ಹೊತ್ತಿಗೆ ಅಪ್ಪಾಜಿ ಕನ್ನಡಕ ಹಾಕ್ಕೊಂಡು ಓದ್ತಾ ಇದ್ರು.

"ನಮ್ಮನೆ ಎಲ್ಲಿದೆ ಇದ್ರಲ್ಲಿ?"

ತೋರಿಸಿದೆ. ಅಪ್ಪಾಜಿ ಹೆಸರಿನ ಮುಂದೆ "ಜೆಡಿಎಸ್, ಗಟ್ಟಿ" ಅಂತಿತ್ತು. ಅಮ್ಮನ ಹೆಸರಿನ ಮುಂದೆ "ಮೇಲಿನಂತೆ".

"ಇದನ್ನ ಯಾರನ್ನ ಕೇಳಿ ಬರ್ದೆ?"

"ಕೇಳೋದೇನು ಅಪ್ಪಾಜಿ? ರಾಮಕೃಷ್ಣ ಹೆಗಡೆ ಕಾಲದಿಂದ ನೀವು ಅದೇ ಅಲ್ವಾ?"

ಅಪ್ಪಾಜಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ, "ತೀರ್ಕೊಂಡೋರ ಬಗ್ಗೆ ಹಿಂಗ್ ಬರೀತಾರೆ ಕಣವ್ವ. ಬದುಕಿರೋರನ್ನ ಒಂದ್ ಮಾತು ಕೇಳ್ತಾರೆ" ಅಂದ್ರು. ಅಮ್ಮ ಮಾತ್ರ "ಮೇಲಿನಂತೆ, ಮೇಲಿನಂತೆ" ಅಂತ ಎರಡು ಸಲ ಹೇಳ್ಕೊಂಡು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ನಮ್ಮನೇಲಿ ಓಟಿಗೆ ಎಲ್ಲರೂ ಒಟ್ಟಿಗೆ ಹೋಗೋದು ರೂಢಿ. ನಾನು ಮೊದಲ ಸಲ ಓಟು ಹಾಕಿದಾಗ ಬೂತಿನ ಬಾಗಿಲವರೆಗೆ ಕೈ ಹಿಡ್ಕೊಂಡು ಬಂದಿದ್ದವರು ಅಪ್ಪಾಜಿ. ಮೇ 10ರ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅವರು ಒಬ್ಬರೇ ಹೋಗಿ ಬಂದು, ಬೆರಳಿನ ಶಾಯಿ ಒಣಗಿಸ್ಕೊಂಡು ಪೇಪರ್ ಓದ್ತಿದ್ರು.

ಶನಿವಾರ ಎಣಿಕೆ ಮುಗಿದಾಗ ಕಾಂಗ್ರೆಸ್‌ನ ಡಾ. ಮಂತರ್ ಗೌಡ ನಾಲ್ಕು ಸಾವಿರ ಚಿಲ್ಲರೆ ಮತಗಳಿಂದ ಗೆದ್ದಿದ್ರು. ನನ್ನ ಹೊಟ್ಟೆ ಉರಿಸಿದ್ದು ಅಂಕಿಗಳು. ಅಪ್ಪಚ್ಚು ರಂಜನ್ ಅವರ ಮತ ಕಡಿಮೆಯಾಗಿರಲಿಲ್ಲ! 70 ಸಾವಿರದಿಂದ 80 ಸಾವಿರಕ್ಕೆ ಏರಿತ್ತು. ಅಂದ್ರೆ ನಾನು ಹೇಳಿದ್ದು ಸರಿಯಾಗೇ ಇತ್ತು, ಬಿಜೆಪಿ ಮತ ಕರಗಲಿಲ್ಲ. ಕರಗಿದ್ದು ಜೆಡಿಎಸ್. 54 ಸಾವಿರ ಇದ್ದದ್ದು ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಗೆಲ್ಲೋರು ಯಾರು, ಸೋಲೋರು ಯಾರು ಅಂತ ಎರಡು ಕಾಲಂ ದಿಟ್ಟಿಸಿ ನೋಡ್ತಾ, ಕ್ಷೇತ್ರ ತಿರುಗಿಸಿದ ಮೂರನೆಯದಕ್ಕೆ "ಗಟ್ಟಿ" ಅಂತ ಬರೆದು ಕೈ ತೊಳ್ಕೊಂಡಿದ್ದೆ. ನನ್ನ ತಪ್ಪಿನ ಮೇಲೆ ನಮ್ಮಪ್ಪನ ಹೆಸರೇ ಬರೆದಿತ್ತು.

ಇಡೀ ರಾಜ್ಯದ ಕಥೆಯೂ ಹೆಚ್ಚುಕಮ್ಮಿ ಇದೇ. ಬಿಜೆಪಿಗೆ 2018ರಲ್ಲೂ 2023ರಲ್ಲೂ ಶೇಕಡಾ 36ರಷ್ಟೇ ಮತ. ಸೀಟು ಮಾತ್ರ 104ರಿಂದ 66ಕ್ಕೆ ಇಳೀತು. ಜೆಡಿಎಸ್ ಶೇಕಡಾ 18ರಿಂದ 13ಕ್ಕೆ ಜಾರಿತು, ಕಾಂಗ್ರೆಸ್ 43ರ ಹತ್ತಿರ ಹೋಗಿ 135 ಸೀಟು ಬಾಚಿತು. ಪಕ್ಕದ ವಿರಾಜಪೇಟೆಯಲ್ಲಿ ಕೆ.ಜಿ. ಬೋಪಯ್ಯನವರು ಸೋತದ್ದೂ ನಾಲ್ಕು ಸಾವಿರ ಚಿಲ್ಲರೆಗೇ. ನಮ್ಮ ಆಫೀಸಿನವರು ಕೊಡಗಿನ ಎರಡು ಸೀಟನ್ನೂ ಬೇರೆ ಬೇರೆ ನಾಣ್ಯ ಚಿಮ್ಮಿದ ಹಾಗೆ ಲೆಕ್ಕ ಹಾಕಿದ್ರು: ಒಂದು ಹೋದ್ರೆ ಒಂದು ಉಳಿಯುತ್ತೆ ಅಂತ. ಅದು ನಾಣ್ಯ ಅಲ್ಲ, ಮಳೆ. ಸೋಮವಾರಪೇಟೆಯಲ್ಲಿ ಸುರಿದದ್ದು ಶನಿವಾರಸಂತೆಯನ್ನ ಬಿಡುತ್ತಾ?

ಬಿರಿಯಾನಿ ಕೊಡಿಸಿದೆ. ಆ ಮಾತು ಬಿಡಿ.

ಇದೆಲ್ಲ ಮತ್ತೆ ನೆನಪಾದದ್ದು 2024ರ ನವೆಂಬರ್‌ನಲ್ಲಿ, ಆಫೀಸಲ್ಲಿ ಅಮೆರಿಕದ ಆಟ ಶುರುವಾದಾಗ. ಪೆನ್ಸಿಲ್ವೇನಿಯಾ, ಜಾರ್ಜಿಯಾ, ಅರಿಜೋನಾ ಅಂತ ಏಳು ತೂಗುಯ್ಯಾಲೆ ರಾಜ್ಯಗಳು, ಎಲ್ಲ ಕಡೆ ಫಿಫ್ಟಿ-ಫಿಫ್ಟಿ. "ನಾಲ್ಕು ಇವರಿಗೆ, ಮೂರು ಅವರಿಗೆ" ಅಂತ ಹಂಚಿ ಬರೆದವರೇ ಜಾಸ್ತಿ. ಅಲ್ಲೂ ಮಳೆಯೇ, ಏಳೂ ಟ್ರಂಪ್‌ಗೆ ಹೋದ್ವು. 2016ರಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕೂ ಕಡಿಮೆ ಮತದಲ್ಲಿ ತಿರುಗಿದ್ವು. ಎಷ್ಟೋ ಸಮೀಕ್ಷೆಗಳಲ್ಲಿ ಕಾಲೇಜು ಓದದವರ ಪಾಲು ಇರಬೇಕಾದ್ದಕ್ಕಿಂತ ಕಡಿಮೆಯಿತ್ತು, ಅದನ್ನ ಸರಿದೂಗಿಸಿರಲಿಲ್ಲ. ಅಂದ್ರೆ, ಕೇಳಬೇಕಾದವರನ್ನ ಸಾಕಷ್ಟು ಕೇಳಿರಲಿಲ್ಲ. ಅಷ್ಟು ದುಡ್ಡು, ಅಷ್ಟು ಕಂಪ್ಯೂಟರು ಇದ್ದೋರೂ ಒಂದು "ಮೇಲಿನಂತೆ" ಬರೆದಿದ್ರು ಅಂತ ತಿಳಿದಾಗ ನಂಗೆ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ.

ಹಾಗಂತ ಕೇಳಿಬಿಟ್ರೆ ಗೊತ್ತಾಗುತ್ತೆ ಅಂತಲೂ ಇಲ್ಲ. ಮನೆಮನೆಗೆ ಹೋಗಿ ಕೇಳಿಯೇ ಬರೆಯೋ ಆಕ್ಸಿಸ್ ಮೈ ಇಂಡಿಯಾ 2023ರಲ್ಲಿ ಕರ್ನಾಟಕವನ್ನ ಸರಿಯಾಗಿ ಹೇಳಿತ್ತು. ಒಂದೇ ವರ್ಷಕ್ಕೆ ಲೋಕಸಭೆಯಲ್ಲಿ ಎನ್‌ಡಿಎಗೆ 361ರಿಂದ 401 ಸೀಟು ಅಂದ್ರು, ಬಂದದ್ದು 293. ಅದರ ಮುಖ್ಯಸ್ಥರು ಟೀವಿಯಲ್ಲೇ ಕಣ್ಣೀರು ಹಾಕಿದ್ರು. ಬೇರೆಯವರು ಮೀಮ್ ಮಾಡ್ತಿದ್ದಾಗ ನಂಗೆ ನಗು ಬರಲಿಲ್ಲ. ಅದೇ ಚುನಾವಣೆಯಲ್ಲಿ ಮೈಸೂರು-ಕೊಡಗು ಬಿಜೆಪಿಯ ಯದುವೀರ್ ಒಡೆಯರ್ ಅವರಿಗೆ ಲಕ್ಷಕ್ಕೂ ಮೀರಿದ ಅಂತರದಲ್ಲಿ ಹೋಯ್ತು. ಆಗ ನಾನು ಯಾವ ಶೀಟೂ ಮಾಡಲಿಲ್ಲ. ಅಪ್ಪಾಜಿ ಜೊತೆ ಬೂತಿಗೆ ನಡ್ಕೊಂಡು ಹೋದೆ. ದಾರೀಲಿ ಕಾಫಿ ಗಿಡಕ್ಕೆ ಮಳೆ ಬೀಳದ ವಿಷಯ ಮಾತಾಡಿದ್ವಿ.

ಟ್ರಂಪ್ ಗೆದ್ದ ದಿನ ಸಾಯಂಕಾಲ ಅಪ್ಪಾಜಿ ಫೋನ್ ಮಾಡಿದ್ರು.

"ಏನವ್ವ, ಅಮೆರಿಕದ್ದಾದ್ರೂ ಸರಿಯಾಗಿ ಹೇಳಿದ್ಯಾ?"

"ಈ ಸಲ ಆಟಕ್ಕೇ ಸೇರಲಿಲ್ಲ ಅಪ್ಪಾಜಿ." ಆಮೇಲೆ ಧೈರ್ಯ ಮಾಡಿ, ಒಂದೂವರೆ ವರ್ಷದಿಂದ ನಾಲಿಗೆ ತುದಿಯಲ್ಲಿದ್ದದ್ದನ್ನ ಕೇಳೇಬಿಟ್ಟೆ. "ಆ ಸಲ ನೀವು ಯಾರಿಗೆ ಹಾಕಿದ್ರಿ?"

ಆ ಕಡೆ ಸ್ವಲ್ಪ ಹೊತ್ತು ಟೀವಿ ಸದ್ದು ಮಾತ್ರ. ಆಮೇಲೆ ಹೇಳಿದ್ರು. ಯಾರಿಗೆ ಅಂತಲೂ, ಯಾಕೆ ಅಂತಲೂ, ಅಷ್ಟು ವರ್ಷದ ಪಕ್ಷ ಬಿಡೋಕೆ ಎಷ್ಟು ದಿನ ಯೋಚನೆ ಮಾಡಿದ್ರು ಅಂತಲೂ. ಹದಿನೈದು ನಿಮಿಷ ಮಾತಾಡಿದ್ರು. ಅದನ್ನ ಇಲ್ಲಿ ಬರೆಯಲ್ಲ, ಅವರ ಓಟು ಅವರದ್ದು.

"ಅಮ್ಮನೂ ಅದಕ್ಕೇನಾ?" ಅಂದೆ.

"ಅವಳು ನಂಗೇ ಹೇಳಿಲ್ಲ. ತಗೋ, ನೀನೇ ಕೇಳು" ಅಂತ ಫೋನ್ ಕೊಟ್ಟರು.

ಕೇಳಿದೆ. ಅಮ್ಮ ನಕ್ಕು, "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಫೋನ್ ಇಟ್ಟರು.