ನಾಳೆಯ ಮಾತಿಗೆ ಯಾವ ಆಧಾರ?

ನಾಳೆಯ ಬಗ್ಗೆ ಮಾತಾಡದೆ ಯಾರಿಗೂ ಒಂದು ದಿನ ಕಳೆಯುವುದಿಲ್ಲ. ಹಾಲು ಮುಗಿದಿದೆ ಎಂದರೆ ‘ನಾನು ತರ್ತೀನಿ’ ಎಂದು ಏಳುತ್ತೇವೆ. ಮುಗಿಲು ನೋಡಿ ‘ಮಳೆ ಬರುತ್ತೆ’ ಎನ್ನುತ್ತೇವೆ. ‘ಮಗಳ ಮದುವೆ ವೈಶಾಖದಲ್ಲಿ’ ಎಂದು ನೆಂಟರಿಗೆ ತಿಳಿಸುತ್ತೇವೆ. ‘ಸಾಲ ತೀರಿಸೇ ತೀರಿಸ್ತೀನಿ’ ಎಂದು ಮಾತು ಕೊಡುತ್ತೇವೆ. ನಾಲ್ಕೂ ಮುಂದಿನ ಮಾತೇ, ಆದರೆ ಅವುಗಳ ಬೆನ್ನಿಗಿರುವ ಬಲ ಬೇರೆ ಬೇರೆ. ಮೊದಲನೆಯದು ಆ ಗಳಿಗೆಯ ನಿರ್ಧಾರ, ಎರಡನೆಯದು ಕಣ್ಣಿಗೆ ಕಂಡ ಕುರುಹು, ಮೂರನೆಯದು ಛತ್ರ ಗೊತ್ತುಮಾಡಿ ಆದ ಏರ್ಪಾಟು, ನಾಲ್ಕನೆಯದು ಪಣ. ಹೈಸ್ಕೂಲಿನಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ನನ್ನನ್ನು ಆ ಭಾಷೆಯ ಭವಿಷ್ಯತ್ಕಾಲದ ಬಗ್ಗೆ ಯಾರಾದರೂ ಕೇಳಿದರೆ ಈ ನಾಲ್ಕು ಮಾತುಗಳಿಂದಲೇ ಶುರುಮಾಡುತ್ತೇನೆ. ಆಡುವ ಮಾತಿಗೆ ಆಧಾರ ಯಾವುದೆಂದು ತಿಳಿದರೆ ಕ್ರಿಯಾಪದದ ರೂಪ ತಾನಾಗಿ ಒದಗುತ್ತದೆ.

ನಮ್ಮ ಮಕ್ಕಳಿಗೆ ಪಾಠ ಈ ದಾರಿಯಲ್ಲಿ ಬರುವುದಿಲ್ಲ. ಅವರಿಗೆ ಸಿಗುವುದು ಬೋರ್ಡಿನ ಮೇಲೆ ಗೆರೆ ಎಳೆದು ಮಾಡಿದ ಹನ್ನೆರಡು ಮನೆಗಳ ಪಟ್ಟಿ. ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಸಾಲು. ಒಂದೊಂದರಲ್ಲೂ ಸಿಂಪಲ್, ಕಂಟಿನ್ಯೂಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯೂಯಸ್ ಎಂದು ನಾಲ್ಕು ಮನೆ. ಬಾಯಿಪಾಠಕ್ಕೆ ಅನುಕೂಲವೇ. ಆದರೆ ಇಂಗ್ಲಿಷ್ ಮಾತಾಡುವವರು ದಿನಬೆಳಗಾದರೆ ಬಳಸುವ ‘ಗೋಯಿಂಗ್ ಟು’ಗೆ ಭವಿಷ್ಯತ್ತಿನ ಸಾಲಿನಲ್ಲಿ ಜಾಗವಿಲ್ಲ. ‘ಐ ಆಮ್ ಮೀಟಿಂಗ್ ದ ಡಾಕ್ಟರ್ ಟುಮಾರೋ’ ಎಂಬುದು ನಾಳೆಯ ಮಾತಾದರೂ ವರ್ತಮಾನದ ಮನೆಯಲ್ಲಿ ಕುಳಿತಿರುತ್ತದೆ.

ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ತಿನ ಪ್ರತ್ಯಯವೇ ಇಲ್ಲ. ‘ವಾಕ್’ಗೆ ‘ಎಡ್’ ಸೇರಿಸಿದರೆ ಅದು ನಿನ್ನೆಯ ನಡಿಗೆ. ಅದನ್ನು ನಾಳೆಯ ನಡಿಗೆ ಮಾಡುವ ಪ್ರತ್ಯಯ ಆ ಭಾಷೆಯಲ್ಲಿ ಹುಡುಕಿದರೂ ಸಿಗದು. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ 1924ರಲ್ಲಿ ಪ್ರಕಟಿಸಿದ ‘ದ ಫಿಲಾಸಫಿ ಆಫ್ ಗ್ರಾಮರ್’ನಲ್ಲಿ ಲೋಕದ ಕಾಲ ಬೇರೆ, ಕ್ರಿಯಾಪದದ ರೂಪ ಬೇರೆ ಎಂದು ಬಿಡಿಸಿ ತೋರಿಸಿದರು. ಈ ಒಂದು ಭೇದ ಮನಸ್ಸಿನಲ್ಲಿ ನಿಂತರೆ ಅರ್ಧ ಗೊಂದಲ ಕಳೆಯುತ್ತದೆ.

‘ಶಲ್’, ‘ವಿಲ್’ ಬಳಕೆಯ ಹಳೆಯ ನಿಯಮವೂ ಕಾಲವನ್ನು ಕುರಿತದ್ದಾಗಿರಲಿಲ್ಲ. ಅನಂತಕ್ಕೆ ∞ ಎಂಬ ಚಿಹ್ನೆ ಕೊಟ್ಟ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ನಾನು, ನಾವು ಎನ್ನುವಾಗ ‘ಶಲ್’ ಬರಿಯ ಮುನ್ಸೂಚನೆ, ‘ವಿಲ್’ ಆದರೆ ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ. ನೀನು, ಅವನು ಎನ್ನುವಾಗ ಇದು ತಿರುಗುಮುರುಗು ಎಂದ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಮೂಲಕ ಈ ‘ಶಲ್’–‘ವಿಲ್’ ಭೇದ ನಮ್ಮ ಶಾಲೆಗಳಲ್ಲೂ ತಲೆಮಾರುಗಟ್ಟಲೆ ಬಾಳಿತು. ಈಗ ಆಡುಮಾತಿನಲ್ಲಿ ಅದು ಸವೆದಿದೆ. ‘ಶಲ್ ಐ ಓಪನ್ ದ ಡೋರ್?’ ಎಂದು ಒಪ್ಪಿಗೆ ಕೇಳುವಾಗ ‘ಶಲ್’ ಉಳಿದಿದೆ, ಕಾನೂನಿನಲ್ಲಿ ಗಟ್ಟಿಯಾಗಿ ಉಳಿದಿದೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದ ಮೊದಲ ವಿಧಿಯಲ್ಲೇ ‘ಶಲ್’ ಇದೆ. ದೇಶ ಮುಂದೆ ಹೇಗಾದೀತು ಎಂಬ ಊಹೆಗೆ ಅಲ್ಲಿ ಎಡೆಯಿಲ್ಲ, ಹೀಗೇ ಇರತಕ್ಕದ್ದು ಎಂಬ ಕಟ್ಟಳೆ ಅದು.

ಒಮ್ಮೆ ತರಗತಿ ನಡೆದಿದ್ದಾಗ ಹೊರಗೆ ಕಾರ್ಮೋಡ ಕವಿಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಿಟಕಿ ನೋಡಿ ‘ಇಟ್ ವಿಲ್ ರೇನ್’ ಎಂದಳು. ತಪ್ಪೇನಿಲ್ಲ ಪುಟ್ಟಿ, ಆದರೆ ಮೋಡ ಕಣ್ಣೆದುರೇ ಇರುವಾಗ ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನುವುದು ವಾಡಿಕೆ ಎಂದೆ. ಅವಳು ತಟ್ಟನೆ, “ಹಾಗಾದ್ರೆ ಮೋಡ ಇಲ್ದೇ ಇದ್ರೂ ಬರುತ್ತೆ ಅನ್ಸಿದ್ರೆ ವಿಲ್ಲಾ ಮಿಸ್?” ಎಂದಳು. ನಾನು ಹೇಳಬೇಕಿದ್ದ ಪಾಠವನ್ನು ಆ ಮಗು ಪ್ರಶ್ನೆಯಲ್ಲೇ ಹೇಳಿಬಿಟ್ಟಿತ್ತು. ಕುರುಹು ಕಣ್ಣೆದುರಿದ್ದರೆ, ಇಲ್ಲವೇ ಮೊದಲೇ ಮನಸ್ಸು ಮಾಡಿಕೊಂಡಿದ್ದರೆ ‘ಗೋಯಿಂಗ್ ಟು’. ಬರಿಯ ಅನಿಸಿಕೆಗೆ, ಆಗಷ್ಟೇ ಮಾಡಿದ ನಿರ್ಧಾರಕ್ಕೆ, ಕೊಡುವ ಮಾತಿಗೆ ‘ವಿಲ್’. ಇನ್ನೊಬ್ಬರೊಡನೆ ದಿನ, ಹೊತ್ತು ಗೊತ್ತಾಗಿದ್ದರೆ ‘ಐ ಆಮ್ ಮೀಟಿಂಗ್’. ವೇಳಾಪಟ್ಟಿಯೇ ಹೇಳುತ್ತಿದ್ದರೆ ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್’. ಸೌಜನ್ಯಕ್ಕೂ ಇಲ್ಲೊಂದು ದಾರಿಯಿದೆ. ‘ವಿಲ್ ಯು ಕಮ್ ಟುಮಾರೋ?’ ಎಂದರೆ ಬನ್ನಿ ಎಂದು ಕರೆದಂತೆ, ಒತ್ತಾಯ ಮಾಡಿದಂತೆಯೂ ಕೇಳಬಹುದು. ‘ವಿಲ್ ಯು ಬಿ ಕಮಿಂಗ್ ಟುಮಾರೋ?’ ಎಂದರೆ ನಿಮ್ಮ ಬರುವಿಕೆ ಹೇಗೆ ಎಂದು ವಿಚಾರಿಸಿದಂತೆ. ಕೇಳಿಸಿಕೊಂಡವರಿಗೆ ಇಲ್ಲ ಎನ್ನುವುದು ಸುಲಭವಾಗುತ್ತದೆ.

ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’. ಕನ್ನಡದಲ್ಲಿ ಯೋಚಿಸಿ ಬರೆಯುವುದರಿಂದ ಹೀಗಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ‘ನಾಳೆ ಅವನು ಬಂದಾಗ ಹೇಳ್ತೀನಿ’ ಎನ್ನುತ್ತೇವೆ. ‘ಬಂದಾಗ’ ಎಂಬಲ್ಲಿರುವುದು ಭೂತಕಾಲದ ‘ಬಂದ’. ‘ನಾಳೆ ಮಳೆ ಬಂದರೆ’ ಎಂಬುದೂ ಅದೇ ರೂಪದ ಮೇಲೆ ನಿಂತಿದೆ. ಅವನು ಬರುತ್ತಾನೆಂದು ನಾವಲ್ಲಿ ಸಾರುತ್ತಿಲ್ಲ. ಬಂದನೆಂದೇ ಇಟ್ಟುಕೊಂಡು, ಅದರ ಮೇಲೆ ಇನ್ನೊಂದು ಮಾತು ಕಟ್ಟುತ್ತೇವೆ. ಇಂಗ್ಲಿಷ್ ಕೂಡ ಅಲ್ಲಿ ‘ವಿಲ್’ ಬಿಟ್ಟು ‘ವೆನ್ ಹಿ ಕಮ್ಸ್’ ಎನ್ನುತ್ತದೆ. ಮಗುವಿನ ದಾರಿ ತಪ್ಪಿಸಿದ್ದು ‘ನಾಳೆ ಎಂದರೆ ವಿಲ್’ ಎಂಬ ಅವಸರದ ಸೂತ್ರ. ತನ್ನ ಕನ್ನಡವನ್ನು ನಂಬಿದ್ದರೆ ಅದು ಸರಿಯಾದ ಕಡೆಗೇ ಹೋಗುತ್ತಿತ್ತು.

ಕನ್ನಡದ ಮಗು ಈ ವಿಚಾರದಲ್ಲಿ ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೆ ದ, ದಪ, ವ ಎಂದು ಬೇರೆ ಬೇರೆ ಪ್ರತ್ಯಯ ಹೇಳಿದ್ದಾನೆ. ಇಂದಿನ ಆಡುಮಾತಿನಲ್ಲಿ ‘ಬರ್ತಾನೆ’ ಎಂಬ ಒಂದೇ ರೂಪ ಇವತ್ತಿಗೂ ನಾಳೆಗೂ ಸಲ್ಲುತ್ತದೆ. ಕನ್ನಡದ ಕ್ರಿಯಾಪದ ನಡೆದುಹೋದದ್ದನ್ನು ಒಂದು ಕಡೆ, ಉಳಿದದ್ದನ್ನೆಲ್ಲ ಇನ್ನೊಂದು ಕಡೆ ಇಡುತ್ತದೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಿವರಿಸಿದ್ದಾರೆ. ಈ ಮಟ್ಟಿಗೆ ಎರಡೂ ಭಾಷೆಗಳ ನಡೆ ಒಂದೇ. ಆಮೇಲಿನ ಸೂಕ್ಷ್ಮಗಳಿಗೆ ನಮ್ಮಲ್ಲಿ ಏನು ಕೊರತೆ? ‘ಬರೋನಿದ್ದಾನೆ’ ಎಂದರೆ ಏರ್ಪಾಟಾಗಿದೆ. ‘ಬಂದಾನು’ ಎಂದರೆ ಬಂದರೂ ಬರಬಹುದು. ‘ಬಂದೇ ಬರ್ತಾನೆ’ ಎಂದರೆ ಹೇಳಿದವರು ಹೊಣೆ. ‘ಅಷ್ಟೊತ್ತಿಗೆ ಬಂದಿರ್ತಾನೆ’ ಎಂದರೆ ಇಂಗ್ಲಿಷಿನ ಫ್ಯೂಚರ್ ಪರ್ಫೆಕ್ಟ್ ಹೇಳುವುದು ಅದನ್ನೇ. ಇಷ್ಟನ್ನೂ ಐದು ವರ್ಷದ ಮಗು ಅಂಗಳದಲ್ಲಿ ಆಡುತ್ತ ತಪ್ಪಿಲ್ಲದೆ ಬಳಸುತ್ತದೆ. ಅಂಥ ಮಗುವಿಗೆ ಹತ್ತು ವರ್ಷದ ನಂತರ ‘ನಿನಗೆ ಟೆನ್ಸ್ ಬರಲ್ಲ’ ಎಂದರೆ ಅನ್ಯಾಯ. ನಿನಗೆ ಬರುವುದನ್ನೇ ಇನ್ನೊಂದು ಭಾಷೆ ಹೇಗೆ ಹೇಳುತ್ತದೆ ನೋಡು ಎಂದು ಕೈಹಿಡಿದು ತೋರಿಸುವುದು ನಮ್ಮ ಕೆಲಸ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ‘ನಾಳೆ ನಾನು ಮೈಸೂರಿಗೆ ಹೋಗುತ್ತೇನೆ’ ಎಂಬರ್ಥದ ಇಂಗ್ಲಿಷ್ ವಾಕ್ಯ ಕೊಟ್ಟು, ಕ್ರಿಯಾಪದದ ಜಾಗ ಖಾಲಿ ಬಿಟ್ಟು, ಒಂದೇ ಉತ್ತರಕ್ಕೆ ಅಂಕ ಇಡಬೇಡಿ. ಆ ಮಾತಾಡುವವಳು ಟಿಕೆಟ್ ಮಾಡಿಸಿದ್ದಾಳೆಯೇ, ಮನಸ್ಸು ಮಾತ್ರ ಮಾಡಿದ್ದಾಳೆಯೇ, ಅಜ್ಜಿಗೆ ಹುಷಾರಿಲ್ಲವೆಂದು ಈಗ ಕೇಳಿ ಹೊರಡಲು ನಿರ್ಧರಿಸಿದಳೇ, ಒಂದು ಸಾಲಿನಲ್ಲಿ ಸಂದರ್ಭ ತಿಳಿಸಿ. ಸಂದರ್ಭವಿಲ್ಲದ ವಾಕ್ಯಕ್ಕೆ ಹಲವು ರೂಪಗಳು ಹೊಂದುತ್ತವೆ. ಒಂದನ್ನು ಉಳಿಸಿ ಮಿಕ್ಕದ್ದಕ್ಕೆಲ್ಲ ಕೆಂಪು ಗೆರೆ ಹೊಡೆದರೆ ಮಗುವಿಗೆ ದಕ್ಕುವುದು ಹೆದರಿಕೆ ಮಾತ್ರ. ಸಂದರ್ಭ ಕೊಡಲಾಗದಿದ್ದರೆ, ಹೀಗೇಕೆ ಬರೆದೆ ಎಂದಾದರೂ ಕೇಳಿ. ‘ಐ ಆಮ್ ಗೋಯಿಂಗ್’ ಎಂದು ಬರೆದವಳು ‘ಟಿಕೆಟ್ ಆಗಿದೆ ಮಿಸ್’ ಎಂದರೆ ಪೂರ್ತಿ ಅಂಕ ಕೊಡಿ.